ಕೊನೆಯ ಬೆಂಚಿನ ಅತಿಥಿ

ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ನನ್ನ ಬಳಿ ಇತ್ತು. ಆ ಕೆಲಸ ನನ್ನ ತಲೆಗೆ ಬಂದದ್ದಕ್ಕೆ ಬೇರೆ ಕಾರಣ ಇರಲಿಲ್ಲ. ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಮುಂಬಯಿಯ ಮಧ್ಯ ರೈಲ್ವೆ ದಾರಿಯ ಒಂದು ಪದವಿ ಕಾಲೇಜಿನಲ್ಲಿ 18 ವರ್ಷಗಳಿಂದ ಇದ್ದೇನೆ. 2020ರ ಜೂನ್ ಕೊನೆಯಲ್ಲಿ ಪ್ರಾಂಶುಪಾಲರು ಫೋನ್ ಮಾಡಿ, "ಇನ್ನು ಪಾಠವೆಲ್ಲ ಆನ್‌ಲೈನ್. ನಮ್ಮ ಅಧ್ಯಾಪಕರನ್ನು ತಯಾರು ಮಾಡುವ ಹೊಣೆ ನಿಮ್ಮದು. ಲ್ಯಾಬ್ ನೋಡಿಕೊಳ್ಳುವವರು ನೀವೇ ಅಲ್ಲವೇ?" ಎಂದರು. ಕೊರೊನಾದಿಂದಾಗಿ ಲ್ಯಾಬಿಗೆ ಬೀಗ ಬಿದ್ದು ಮೂರು ತಿಂಗಳಾಗಿತ್ತು. ಲೋಕಲ್ ಗಾಡಿ ಅಗತ್ಯ ಸೇವೆಯವರಿಗೆ ಮಾತ್ರ ಓಡುತ್ತಿತ್ತು. ನಾನು ಡೊಂಬಿವಲಿಯ ಮನೆಯಲ್ಲಿದ್ದೆ, ಬೀಗದ ಕೈ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಹೂಂ ಎಂದುಬಿಟ್ಟೆ.

ಜುಲೈಯಲ್ಲಿ ಕಾರ್ಯಾಗಾರ ಇಟ್ಟುಕೊಂಡೆ. 42 ಅಧ್ಯಾಪಕರು, ಎರಡೂವರೆ ಗಂಟೆ, 60 ಸ್ಲೈಡುಗಳು. ಪ್ರತಿ ಗುಂಡಿಯ ಪಕ್ಕದಲ್ಲೂ ಕೆಂಪು ಬಾಣ. ಇಲ್ಲಿ ಒತ್ತಿದರೆ ಧ್ವನಿ ನಿಲ್ಲುತ್ತದೆ, ಅಲ್ಲಿ ಒತ್ತಿದರೆ ಪರದೆ ಹಂಚಬಹುದು, ಇದು ಹಾಜರಿ, ಇದು ರೆಕಾರ್ಡಿಂಗ್. ಝೂಮಿನ ಉಚಿತ ಖಾತೆ 40 ನಿಮಿಷಕ್ಕೆ ಕಡಿದುಹೋಗುತ್ತಿದ್ದುದರಿಂದ ಎಲ್ಲರೂ ಮತ್ತೆ ಮತ್ತೆ ಬಂದು ಸೇರಬೇಕಾಯಿತು. ಪ್ರತಿ ಸಲವೂ ನಾಲ್ಕೈದು ಮಂದಿ ದಾರಿಯಲ್ಲೇ ಉದುರಿಹೋದರು. ಆದರೂ ಮುಗಿದಾಗ ನನಗೆ ಭಾರಿ ಸಮಾಧಾನವಾಗಿತ್ತು. ಎಲ್ಲರೂ ಧನ್ಯವಾದ ಹೇಳಿದ್ದರು, ಒಬ್ಬರು ಚಪ್ಪಾಳೆಯ ಚಿತ್ರವನ್ನೂ ಹಾಕಿದ್ದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: "ಎರಡೂವರೆ ಗಂಟೆಯೂ ನಿನ್ನದೇ ದನಿ ಕೇಳಿಸುತ್ತಿತ್ತಲ್ಲ. ಕಲಿಯುವವರು ಒಬ್ಬರೂ ಬಾಯಿ ಬಿಡಲಿಲ್ಲವೇ?"

ಅಪ್ಪ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಫೋರ್ಟ್‌ನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮುಂಬಯಿಯಲ್ಲಿ ಅಂಥ ಶಾಲೆಗಳಿಂದ ಮೇಲೆ ಬಂದ ಹೋಟೆಲ್ ಹುಡುಗರಿಗೆ ಲೆಕ್ಕವಿಲ್ಲ. ಅವರ ಮೇಷ್ಟ್ರು ಒಳಗೆ ಬಂದವರೇ ಪುಸ್ತಕ ತೆರೆಯುತ್ತಿರಲಿಲ್ಲವಂತೆ. "ಆರನೇ ಟೇಬಲಿನವರು ನಾಲ್ಕು ಇಡ್ಲಿ, ಎರಡು ಚಹಾ, ಒಂದು ಶಿರಾ ತಿಂದರು. ಬಿಲ್ ಎಷ್ಟು, ನೀನು ಹೇಳು" ಎಂದು ತೂಕಡಿಸುವವನನ್ನೇ ಆರಿಸಿ ಕೇಳುತ್ತಿದ್ದರಂತೆ. ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ಅಂದು ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಎರಡು ದಿನದ ಮೇಲೆ ರಸಾಯನಶಾಸ್ತ್ರದ ಮೇಡಂ ಫೋನ್ ಮಾಡಿದರು. "ನೀವು ತೋರಿಸಿದ ಗುಂಡಿಗಳೆಲ್ಲ ಬಂದವು. ಈಗ ಪಾಠ ಮಾಡುವುದು ಹೇಗೆ ಹೇಳಿ."

ನನ್ನಲ್ಲಿ ಉತ್ತರ ಇರಲಿಲ್ಲ.

ನಮ್ಮ ಕಾಲೇಜಿನಲ್ಲಿ ಕನ್ನಡದವರು ಏಳೆಂಟು ಮಂದಿ ಇದ್ದೇವೆ. ಅಧ್ಯಾಪಕರ ಕೊಠಡಿಯಲ್ಲಿ ನಾವು ಕೂರುವ ಮೂಲೆಗೆ ಉಳಿದವರು 'ಉಡುಪಿ ಟೇಬಲ್' ಎಂದು ಹೆಸರಿಟ್ಟಿದ್ದಾರೆ. ಆ ಟೇಬಲಿನ ಹಿರಿಯರು ಕುಂದಾಪುರದ ಕಡೆಯ ಅರ್ಥಶಾಸ್ತ್ರದ ಸರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸೀಮೆಸುಣ್ಣ ಹಿಡಿದರೆ ಬೋರ್ಡಿನ ತುಂಬ ರೇಖೆಗಳನ್ನು ಸ್ಕೇಲಿಲ್ಲದೆ ನೇರವಾಗಿ ಎಳೆಯುತ್ತಿದ್ದರು, ಅದನ್ನು ನೋಡುವುದೇ ಒಂದು ಚಂದ. ಅವರು ನನಗೆ ಹೇಳಿದರು: "ಮೇಡಂ, ನೀವು ಹೇಳಿಕೊಟ್ಟದ್ದು ಸಾಕು. ಒಂದು ದಿನ ಸುಮ್ಮನೆ ಬಂದು ನನ್ನ ತರಗತಿಯಲ್ಲಿ ಕೂತುಕೊಳ್ಳಿ. ತಪಾಸಣೆಗೆ ಬಂದವರು ಕೊನೆಯ ಬೆಂಚಿನಲ್ಲಿ ಕೂರುವುದಿಲ್ಲವೇ, ಹಾಗೆ."

ಕೂತೆ. ನನಗೆ ಕಂಡದ್ದು ಅವರ ಹಣೆಯ ಮೇಲ್ಭಾಗ ಮತ್ತು ತಿರುಗುವ ಫ್ಯಾನು. ಫೋನನ್ನು ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ಇಟ್ಟಿದ್ದರು. ಬೇಡಿಕೆಯ ರೇಖೆಯ ಪಾಠ. "ಬೆಲೆ ಏರಿದಂತೆ ಬೇಡಿಕೆ ಇಳಿಯುತ್ತದೆ, ಗೆರೆ ಹೀಗೆ ಬರುತ್ತದೆ, ನೋಡಿ" ಎಂದು ಗಾಳಿಯಲ್ಲಿ ಕೈ ಬೀಸಿದರು. ಕೈ ಕ್ಯಾಮೆರಾದ ಚೌಕಟ್ಟಿನ ಹೊರಗೇ ಬೀಸಿತು. 71 ಮಕ್ಕಳು ಆ ಗೆರೆಯನ್ನು ಎಲ್ಲಿ ನೋಡಬೇಕಿತ್ತೋ! 50 ನಿಮಿಷ ಅವರು ಒಂದೇ ಉಸಿರಿಗೆ ಮಾತನಾಡಿದರು. ಎದುರಿಗೆ ಮುಖವಿಲ್ಲ ಎಂಬ ಭಯಕ್ಕೆ ಮಾತಿನಿಂದಲೇ ಗೋಡೆ ಕಟ್ಟಿದಂತಿತ್ತು. ಇದೇ ಮನುಷ್ಯ ತರಗತಿಯಲ್ಲಿ ಅರ್ಧ ವಾಕ್ಯ ಹೇಳಿ ನಿಂತು, ಮೂರನೇ ಸಾಲಿನ ಹುಡುಗನ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಬೋರ್ಡು. ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ತರಿಸೋಣ ಎಂದರೆ ಬೆಲೆಯೂ ಹೆಚ್ಚು, ಕೈ ಪಳಗಲು ಸಮಯವೂ ಬೇಕು. ಯಾರೋ ಫ್ರಿಜ್ಜಿನ ಗಾಜಿನ ಹಲಗೆಯಿಂದ ಮಾಡಿದ ಉಪಾಯದ ಚಿತ್ರ ವಾಟ್ಸಾಪಿನಲ್ಲಿ ಬಂದಿತ್ತು. ಅದನ್ನೇ ಮಾಡಿದೆವು. ಅವರ ಮನೆಯವರು ಮುಖ ಗಂಟಿಕ್ಕಿಕೊಂಡೇ ಫ್ರಿಜ್ಜಿನ ಕೆಳಗಿನ ಖಾನೆಯಿಂದ ತರಕಾರಿ ತೆಗೆದು ಗಾಜನ್ನು ಒರೆಸಿ ಕೊಟ್ಟರು. ಎಡಕ್ಕೊಂದು ಅವಲಕ್ಕಿ ಡಬ್ಬ, ಬಲಕ್ಕೊಂದು ಕುಚ್ಚಲಕ್ಕಿ ಡಬ್ಬ. ಅವುಗಳ ಮೇಲೆ ಗಾಜು, ಗಾಜಿನ ಮೇಲೆ ಕವುಚಿ ಮಲಗಿಸಿದ ಫೋನು, ಕೆಳಗೆ ಬಿಳಿ ಹಾಳೆ. ಕೈ ಆಡುವಷ್ಟು ಎತ್ತರ ಸಿಗಲು ಡಬ್ಬಗಳ ಕೆಳಗೆ ಹಳೆಯ ಪಠ್ಯಪುಸ್ತಕಗಳನ್ನು ಇಡಬೇಕಾಯಿತು. ಬಲಗೈಯ ನೆರಳು ಗೆರೆಯ ಮೇಲೆ ಬೀಳುತ್ತಿತ್ತು, ಮೇಜಿನ ದೀಪವನ್ನು ಎಡಕ್ಕೆ ಸರಿಸಿದೆವು. ಇದನ್ನೆಲ್ಲ ನಾನು ಡೊಂಬಿವಲಿಯಿಂದ ವಿಡಿಯೋ ಕರೆಯಲ್ಲಿ ಹೇಳುತ್ತಿದ್ದೆ, ಅವರು ಮುಲುಂಡಿನಲ್ಲಿ ಜೋಡಿಸುತ್ತಿದ್ದರು.

ಮೊದಲ ದಿನ ರೇಖಾಚಿತ್ರ ತಲೆಕೆಳಗಾಗಿ ಬಂತು. ಬೇಡಿಕೆಯ ಗೆರೆಯನ್ನು ತಲೆಕೆಳಗು ಮಾಡಿದರೂ ಅದು ಎಡದಿಂದ ಬಲಕ್ಕೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಸರ್‌ಗೆ ಹತ್ತು ನಿಮಿಷ ಗೊತ್ತೇ ಆಗಲಿಲ್ಲ. ಅಕ್ಷರಗಳು ಬುಡಮೇಲಾಗಿವೆ ಎಂದು ಒಬ್ಬ ಹುಡುಗ ಬರೆದು ತಿಳಿಸಿದ. ಹಾಳೆ ತಿರುಗಿಸುವ ಬದಲು ಫೋನು ತಿರುಗಿಸಬೇಕಿತ್ತು. ಅದಾದ ಮೇಲೆ ಅವರ ಕೈಗೆ ಜೀವ ಬಂತು. ಗೆರೆ ಎಳೆಯುವಾಗ ಮಾತು ತಾನಾಗಿ ನಿಧಾನವಾಯಿತು. ಮಕ್ಕಳೂ ಜೊತೆಗೆ ಎಳೆಯುವಷ್ಟು ಹೊತ್ತು ಸಿಕ್ಕಿತು.

ಅಂದಿನಿಂದ ಕಾರ್ಯಾಗಾರ ಬಿಟ್ಟೆ. ವಾರಕ್ಕೆ ಮೂರು ತರಗತಿಗಳಲ್ಲಿ ಬಾಯಿ ಮುಚ್ಚಿ ಕೂರುವುದು, ಪಾಠ ಮುಗಿದ ಮೇಲೆ ಒಂದೇ ಒಂದು ವಿಷಯ ಹೇಳುವುದು. ಎರಡು ಹೇಳಿದರೆ ಎರಡೂ ಆಗುವುದಿಲ್ಲ. ಇದನ್ನು ಕಲಿಯಲು ನನಗೆ ಇಬ್ಬರು ಅಧ್ಯಾಪಕರ ಸಿಟ್ಟು ಬೇಕಾಯಿತು.

ಇತಿಹಾಸದ ಮೇಡಂ ಮೂಡುಬಿದಿರೆಯ ಕಡೆಯವರು, ಮನೆಮಾತು ತುಳು. ಅವರ ದೂರು ಒಂದೇ: "ಈ ಮಕ್ಕಳು ಉತ್ತರವನ್ನೇ ಕೊಡುವುದಿಲ್ಲ. ಕಲ್ಲಿಗೆ ಪಾಠ ಮಾಡಿದಂತೆ." ನಾನು ಕೂತ ದಿನ ಫೋನಿನ ಗಡಿಯಾರ ಹಿಡಿದುಕೊಂಡಿದ್ದೆ. ಅವರು 14 ಪ್ರಶ್ನೆಗಳನ್ನು ಕೇಳಿದರು. ಒಂದಕ್ಕೂ ಎರಡು ಸೆಕೆಂಡಿಗಿಂತ ಹೆಚ್ಚು ಕಾಯಲಿಲ್ಲ. ಹನ್ನೆರಡಕ್ಕೆ ತಾವೇ ಉತ್ತರ ಹೇಳಿದರು, ಉಳಿದ ಎರಡಕ್ಕೆ "ಹೋಗಲಿ ಬಿಡಿ" ಎಂದರು.

ಇದು ಅವರೊಬ್ಬರ ದೋಷವಲ್ಲ. ಅಮೆರಿಕದ ಮೇರಿ ಬಡ್ ರೋವ್ ಎಂಬ ಶಿಕ್ಷಣತಜ್ಞೆ ಶಾಲಾ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರೂ ಬಿಡುತ್ತಾರೆ. ಅದು ಎದುರೆದುರು ಕೂತ ತರಗತಿಯ ಲೆಕ್ಕ. ಇಲ್ಲಿ ಮೇಡಂ ದನಿ ಮಗುವಿಗೆ ತಲುಪುವುದೇ ತಡ. ಆಮೇಲೆ ಅದು ಗುಂಡಿ ಹುಡುಕಬೇಕು, ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರೆ "ಅಮ್ಮ, ಸ್ವಲ್ಪ ನಿಲ್ಲಿಸು" ಎನ್ನಬೇಕು, ಆಮೇಲೆ ಧೈರ್ಯ ತಂದುಕೊಳ್ಳಬೇಕು. ಮೂರು ಸೆಕೆಂಡು ಎಲ್ಲಿ ಸಾಕು?

"ಹತ್ತರವರೆಗೆ ಎಣಿಸಿ ಮೇಡಂ" ಎಂದೆ.

"ಇಂಗ್ಲಿಷಿನಲ್ಲಿ ಎಣಿಸಿದರೆ ರೈಲಿನಂತೆ ಓಡಿಬಿಡುತ್ತೇನೆ" ಎಂದು ನಕ್ಕರು. ಮುಂದಿನ ತರಗತಿಯಲ್ಲಿ 1857ರ ದಂಗೆಯನ್ನು ಯಾರು ಯಾವ ಹೆಸರಿನಿಂದ ಕರೆದರು, ಏಕೆ ಕರೆದರು ಎಂದು ಕೇಳಿ ಬಾಯಿ ಮುಚ್ಚಿದರು. ಅವರ ತುಟಿ ಅಲ್ಲಾಡುವುದು ಕಾಣಿಸುತ್ತಿತ್ತು. ಒಂಜಿ, ರಡ್ಡ್, ಮೂಜಿ, ನಾಲ್... ಆ ಮೌನ ನನಗೇ ತಡೆಯಲಾಗಲಿಲ್ಲ, ಗುಂಡಿ ಒತ್ತಿ ಏನಾದರೂ ಹೇಳಿಬಿಡೋಣ ಎನ್ನಿಸಿತು. ಏಳರ ಹತ್ತಿರ ಒಂದು ಮೈಕ್ ತೆರೆದುಕೊಂಡಿತು. ಮೊದಲು ಕುಕ್ಕರಿನ ಸೀಟಿ, ಆಮೇಲೆ ಒಂದು ಹುಡುಗಿಯ ದನಿ: "ಮೇಡಂ, ಗೆದ್ದವರು ಇಟ್ಟ ಹೆಸರು ಬೇರೆ, ಸೋತವರು ಇಟ್ಟದ್ದು ಬೇರೆ ಅಲ್ಲವೇ?" ಮೇಡಂ ಕಣ್ಣು ಅರಳಿದ್ದು ನನ್ನ ಐದಂಗುಲದ ಪರದೆಯಲ್ಲೂ ಕಂಡಿತು.

ಅವರಿಗೆ ಇನ್ನೊಂದು ಕಾಟವಿತ್ತು. ಪಾಠದ ಉದ್ದಕ್ಕೂ ತಮ್ಮದೇ ಚಿತ್ರ ನೋಡಿಕೊಂಡು ಕೂದಲು ಸರಿಪಡಿಸಿಕೊಳ್ಳುತ್ತಿದ್ದರು, ಸಂಜೆಗೆ ತಲೆನೋವು. ದಿನವಿಡೀ ತನ್ನ ಮುಖವನ್ನೇ ನೋಡಿಕೊಳ್ಳುವುದು ದಣಿವಿಗೆ ಒಂದು ಕಾರಣ ಎಂದು ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದರು. ನಾವು ಅದಕ್ಕೆ ಮೊದಲೇ ಒಂದು ಚೌಕದ ಹಳದಿ ಚೀಟಿಯನ್ನು ಪರದೆಯ ಆ ಮೂಲೆಗೆ ಅಂಟಿಸಿದ್ದೆವು.

ಗಣಿತದ ಸರ್ ಕತೆ ಬೇರೆ. ಅವರಿಗೆ ತಂತ್ರಜ್ಞಾನದ ಭಯವಿರಲಿಲ್ಲ. ಧಾರವಾಡದಲ್ಲಿ ಓದಿದವರು, ಚುರುಕಿನ ಆಳು. ರಾತ್ರಿ ಬೀದಿ ತಣ್ಣಗಾದ ಮೇಲೆ ಕೂತು 52 ನಿಮಿಷದ ವಿಡಿಯೋ ಮಾಡಿ ಯೂಟ್ಯೂಬಿಗೆ ಏರಿಸಿದರು. ಎಷ್ಟು ಹೊತ್ತು ನೋಡಿದ್ದಾರೆ ಎಂಬ ಲೆಕ್ಕವನ್ನೂ ಅದೇ ತೋರಿಸುತ್ತದೆ. ಸರಾಸರಿ ನಾಲ್ಕು ನಿಮಿಷ. ಎರಡು ದಿನ ಅವರು ಯಾರೊಂದಿಗೂ ಮಾತನಾಡಲಿಲ್ಲ. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಲಕ್ಷಾಂತರ ವೀಕ್ಷಣೆಗಳನ್ನು ಅಳೆದು 2014ರಲ್ಲಿ ಬಂದ ಅಧ್ಯಯನದಲ್ಲೂ ಜನರು ವಿಡಿಯೋ ಎಷ್ಟೇ ಉದ್ದವಿರಲಿ, ಸುಮಾರು ಆರು ನಿಮಿಷದ ಆಚೆ ನಿಲ್ಲುವುದಿಲ್ಲ ಎಂದೇ ಕಂಡಿತ್ತು ಎಂದು ಹೇಳಿ ಸಮಾಧಾನ ಮಾಡಿದೆ. ಸಮಾಧಾನ ಆಗಲಿಲ್ಲ. ಆದರೂ ಆ ವಿಡಿಯೋವನ್ನು ಏಳು ತುಂಡು ಮಾಡಿದರು. ನಮ್ಮ ಪವಾಯಿಯ ಐಐಟಿಯ ಶೈಕ್ಷಣಿಕ ತಂತ್ರಜ್ಞಾನದವರು ಒಂದು ಪದ್ಧತಿ ಹೇಳುತ್ತಾರೆ: ವಿಡಿಯೋ ನಡುವೆ ಪ್ರಶ್ನೆ ಕೇಳಿ, "ಇಲ್ಲಿ ನಿಲ್ಲಿಸಿ, ಬರೆದು ನೋಡಿ, ಆಮೇಲೆ ಮುಂದುವರಿಯಿರಿ" ಎನ್ನುವುದು. ಅದನ್ನೂ ಸೇರಿಸಿದರು. ಮಾರನೆಯ ಪಾಠಕ್ಕೆ ಮಕ್ಕಳು ಬರೆದದ್ದರ ಫೋಟೋ ಕಳಿಸಬೇಕು. ಕಳಿಸಿದವರು ಅರ್ಧದಷ್ಟು ಮಂದಿ. "ಕಾಲೇಜಿನಲ್ಲಿ ಮನೆಗೆಲಸ ಕೊಟ್ಟಾಗಲೂ ಅಷ್ಟೇ ಮಂದಿ ಮಾಡುತ್ತಿದ್ದರು" ಎಂದು ಅವರೇ ಹೇಳಿದಾಗ, ಈ ಮನುಷ್ಯ ಹಳಿಗೆ ಬಂದರು ಎಂದುಕೊಂಡೆ.

ಮಕ್ಕಳನ್ನು ಗುಂಪು ಕೋಣೆಗಳಿಗೆ ಹಂಚುವ ಪ್ರಯೋಗ ಮೊದಲು ಪೂರ್ತಿ ನೆಲಕಚ್ಚಿತು. 'ಚರ್ಚಿಸಿ' ಎಂದು ಕಳಿಸಿದೆವು. ಕೋಣೆಯಿಂದ ಕೋಣೆಗೆ ಇಣುಕಿದರೆ ಎಲ್ಲ ಕಡೆ ಸ್ಮಶಾನಮೌನ. ಆಮೇಲೆ ನಾಲ್ಕೇ ಜನ, ಆರೇ ನಿಮಿಷ, ಒಂದೇ ಪ್ರಶ್ನೆ, ಬರೆಯುವವರು ಯಾರೆಂದು ಮೊದಲೇ ಹೆಸರು ಹಿಡಿದು ಹೇಳುವುದು ಎಂದು ಮಾಡಿಕೊಂಡ ಮೇಲೆ ಹೇಗೋ ನಡೆಯಿತು. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಮಾತ್ರ ಕೊನೆಯವರೆಗೂ ದಾರಿ ಸಿಗಲಿಲ್ಲ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ ಕೊನೆಯ ಹನಿ ಬೀಳುವಾಗ ಬೆರಳು ಎಷ್ಟು ಬಿಗಿಯಬೇಕು ಎಂಬುದನ್ನು ವಿಡಿಯೋದಲ್ಲಿ ಕಲಿಸಲಾಗುವುದಿಲ್ಲ. ಆಗುತ್ತದೆ ಎನ್ನುವವರ ಜೊತೆ ವಾದಿಸುವ ಉಸಾಬರಿ ನನಗೆ ಬೇಡ.

ಅಷ್ಟರಲ್ಲಿ ಪರೀಕ್ಷೆ ಬಂತು. ಕೊನೆಯ ವರ್ಷದವರನ್ನು ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡುವಂತಿಲ್ಲ ಎಂದು 2020ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಅಕ್ಟೋಬರಿನಲ್ಲಿ ಬಹು ಆಯ್ಕೆಯ ಆನ್‌ಲೈನ್ ಪರೀಕ್ಷೆ. ಪ್ರಶ್ನೆ ತಯಾರಿಸುವವರು ನಾವೇ. ಜೀವನವಿಡೀ ಹತ್ತು ಅಂಕದ ಪ್ರಬಂಧ ಕೇಳಿದ ಇತಿಹಾಸದ ಮೇಡಂಗೆ ಇದು ಅವಮಾನದಂತೆ ಕಂಡಿತು. ಅವರ ಮೊದಲ ಪಟ್ಟಿಯಲ್ಲಿ ಇಸವಿಗಳೇ ತುಂಬಿದ್ದವು. "ನಿಮ್ಮ ಹಳೆಯ ಉತ್ತರಪತ್ರಿಕೆಗಳಲ್ಲಿ ಮಕ್ಕಳು ಮಾಡುವ ತಪ್ಪುಗಳು ನಿಮಗೆ ಬಾಯಿಪಾಠವಲ್ಲವೇ? ಆ ತಪ್ಪುಗಳೇ ಉಳಿದ ಮೂರು ಆಯ್ಕೆಗಳಾಗಲಿ" ಎಂದೆ. ಅಲ್ಲಿಂದ ಅವರಿಗೆ ಹುಮ್ಮಸ್ಸು ಬಂತು. ಬಲ್ಲವರೂ ಒಂದು ಕ್ಷಣ ತಡೆದು ಯೋಚಿಸುವಂಥ ಪ್ರಶ್ನೆಗಳು ಬಂದವು. ಪರೀಕ್ಷೆಯ ನಂತರವೂ ಅವರು ಪಾಠದ ನಡುವೆ ಇಂಥದೊಂದನ್ನು ಹಾಕಿ ಮತ ಕೇಳುವುದನ್ನು ಬಿಡಲಿಲ್ಲ.

ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಇಡೀ ಮುಂಬಯಿಯ ವಿದ್ಯುತ್ತು ಹೋಯಿತು. ಲೋಕಲ್ ಗಾಡಿಗಳು ಹಳಿಯ ಮೇಲೆ ನಿಂತವು. ವಿಶ್ವವಿದ್ಯಾಲಯ ಅಂದಿನ ಪರೀಕ್ಷೆಗಳನ್ನು ಮುಂದೂಡಬೇಕಾಯಿತು. ನನ್ನ ಫೋನಿಗೆ ಮಧ್ಯಾಹ್ನದೊಳಗೆ 60ಕ್ಕೂ ಹೆಚ್ಚು ಕರೆಗಳು ಬಂದಿದ್ದವು. ವಿದ್ಯುತ್ತಿನ ಗುಂಡಿಯೂ ನನ್ನ ಬಳಿಯೇ ಇದೆಯೆಂದು ಕೆಲವರು ತಿಳಿದಿದ್ದರೇನೋ!

ಇಷ್ಟರ ನಡುವೆ ಕಾಲೇಜಿನಿಂದ ಒಂದು ಆದೇಶ ಹೊರಟಿತು: ಕ್ಯಾಮೆರಾ ತೆರೆಯದ ವಿದ್ಯಾರ್ಥಿಗೆ ಹಾಜರಿ ಇಲ್ಲ. ಆ ವಾರ ನಾನು ಲೆಕ್ಕಪತ್ರ ತರಗತಿಯ ಕೊನೆಯ ಬೆಂಚಿನಲ್ಲಿದ್ದೆ. ಒಬ್ಬಳು ಹುಡುಗಿ ಕ್ಯಾಮೆರಾ ತೆರೆದಳು. ಚಾಳಿನ ಒಂದು ಖೋಲಿ. ಹಿಂದೆ ತಾಯಿ ಚಪಾತಿ ಲಟ್ಟಿಸುತ್ತಿದ್ದರು, ಬನಿಯನ್ ತೊಟ್ಟ ತಂದೆ ಮಂಚದ ಮೇಲಿದ್ದರು. ತಾವು ಕಾಣಿಸುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಆತ ಎದ್ದು ಗೋಡೆಗೆ ಅಂಟಿಕೊಂಡು ಪಕ್ಕಕ್ಕೆ ಸರಿದರು. ಹೊರಗೆ ಹೋಗಬೇಕೆಂದರೆ ಕ್ಯಾಮೆರಾದ ಎದುರಿಗೇ ಹಾದು ಹೋಗಬೇಕು. ಚೌಕಟ್ಟಿನ ಅಂಚಿನಲ್ಲಿ ಭುಜದ ಒಂದು ತುದಿ ಕಾಣುತ್ತಿತ್ತು. ಪಾಠ ಮುಗಿಯುವವರೆಗೆ ಆ ಭುಜ ಅಲ್ಲೇ ನಿಂತಿತ್ತು.

ಅಂದು ಪಾಠದ ನಂತರ ನಾನು ಆ ಸರ್‌ಗೆ ಏನೂ ಹೇಳಲಿಲ್ಲ. ನೇರವಾಗಿ ಪ್ರಾಂಶುಪಾಲರಿಗೆ ಬರೆದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಐದು ಪಾಠಗಳನ್ನು ವಿಡಿಯೋ ಸಹಿತ ನೋಡಲಾಗದು, ಒಂದೇ ಫೋನನ್ನು ಅಣ್ಣ ತಂಗಿ ಹಂಚಿಕೊಳ್ಳುತ್ತಿದ್ದಾರೆ ಎಂದೆಲ್ಲ ಬರೆದೆ. ಭುಜದ ವಿಷಯ ಬರೆಯಲು ಮಾತು ಸಿಗಲಿಲ್ಲ. ಎರಡು ವಾರದ ಮೇಲೆ 'ಪರಿಸ್ಥಿತಿಗೆ ಅನುಸಾರವಾಗಿ ನಿರ್ಧರಿಸಬಹುದು' ಎಂಬ ಉತ್ತರ ಬಂತು. ಅಷ್ಟು ಸಾಕಾಯಿತು. ಹಾಜರಿಗೆ ಬದಲಾಗಿ, ಪಾಠದ ಕೊನೆಗೆ ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕು: ಇಂದು ಅರ್ಥವಾಗದೆ ಉಳಿದದ್ದು ಯಾವುದು? ಲೆಕ್ಕಪತ್ರದ ಸರ್ ಮರುದಿನದ ಪಾಠವನ್ನು ಆ ಸಾಲುಗಳಿಂದಲೇ ಶುರು ಮಾಡತೊಡಗಿದರು. "ಸವಕಳಿಯನ್ನು ಖರ್ಚೆಂದು ಏಕೆ ಬರೆಯಬೇಕು, ಹಣ ಎಲ್ಲಿಗೂ ಹೋಗಲಿಲ್ಲವಲ್ಲ?" ಎಂದು 23 ಮಂದಿ ಬರೆದಿದ್ದರು. "ಇಷ್ಟು ವರ್ಷ ಎಲ್ಲರಿಗೂ ಇದು ತಿಳಿದಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ" ಎಂದರು ಸರ್.

2021ರ ಅಕ್ಟೋಬರ್ 20ರಿಂದ ಕಾಲೇಜು ತೆರೆಯಬಹುದೆಂದು ಸರ್ಕಾರ ಹೇಳಿತು. ನಾನು ಬೀಗದ ಕೈ ಹಿಡಿದು ಲ್ಯಾಬಿಗೆ ಹೋದರೆ ಬೀಗ ತುಕ್ಕು ಹಿಡಿದು ತಿರುಗಲೇ ಇಲ್ಲ. ಸಿಪಾಯಿ ಕೊಬ್ಬರಿ ಎಣ್ಣೆ ತಂದು ಬಿಟ್ಟ. ಉಡುಪಿ ಟೇಬಲಿನಲ್ಲಿ ಎರಡು ಕುರ್ಚಿಗಳು ಖಾಲಿ ಇದ್ದವು. ಆ ಮಾತು ಇಲ್ಲಿ ಬೇಡ.

ಅರ್ಥಶಾಸ್ತ್ರದ ಸರ್ ಮರು ವರ್ಷ ನಿವೃತ್ತರಾದರು. ಕಳೆದ ಮಳೆಗಾಲದಲ್ಲಿ ಅವರ ಫೋನ್ ಬಂತು. ಭಾನುವಾರ ಬೆಳಿಗ್ಗೆ ಮುಂಬಯಿಯ ಕನ್ನಡದ ಮನೆಗಳ ಮಕ್ಕಳಿಗೆ ಆನ್‌ಲೈನಿನಲ್ಲಿ ಅಕ್ಷರ ಕಲಿಸುತ್ತಿದ್ದಾರಂತೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ, ಓದಲು ಬರೆಯಲು ಬಾರದ ಮಕ್ಕಳು. "ಒಮ್ಮೆ ಬಂದು ಕೂತುಕೊಳ್ಳಿ ಮೇಡಂ. ಗಾಜು ಇನ್ನೂ ಇದೆ. ಮನೆಯವರು ಫ್ರಿಜ್ಜಿಗೆ ಬೇರೆ ಹಲಗೆ ಹಾಕಿಸಿಕೊಂಡಿದ್ದಾರೆ."

ಮೈಕ್ ಮುಚ್ಚಿ ಕೂತೆ. ಹನ್ನೊಂದು ಮಕ್ಕಳು. ಪರದೆಯ ಮೇಲೆ ಬಿಳಿ ಹಾಳೆ, ಸರ್ ಕೈ, ದಪ್ಪ ನಿಬ್ಬಿನ ಪೆನ್ನು. "ಈಗ ನಾನು ಬರೆಯುವ ಅಕ್ಷರ ಯಾವುದು, ಹೇಳಿ ನೋಡೋಣ" ಎಂದು ನಿಧಾನವಾಗಿ 'ಗ' ಬರೆದರು. ಬರೆದು ಸುಮ್ಮನಾದರು. ಅಕ್ಷರ ನೆತ್ತಿಯ ಮೇಲೆ ನಿಂತಿತ್ತು, ತಲೆಕಟ್ಟು ಕೆಳಗೆ, ಕಾಲು ಮೇಲೆ. ನನ್ನ ಬೆರಳು ಮೈಕಿನ ಗುಂಡಿಯವರೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಎಣಿಸತೊಡಗಿದೆ.

ಒಂಬತ್ತಕ್ಕೆ ಒಂದು ಮೈಕ್ ತೆರೆಯಿತು. "ಅಜ್ಜ," ಎಂದಿತು ಒಂದು ಪುಟ್ಟ ದನಿ, "ನಿಮ್ಮ ಫೋನು ತಿರುಗಿಸಿ."